ಕ್ಷಮಿಸು ಎಂದು ಯಾರಿಗೆ ಹೇಳುತ್ತೇವೆ?

ಕಳೆದ ಶುಭ ಶುಕ್ರವಾರದಂದು ನಮ್ಮ ದೇವಾಲಯದ ಮಧ್ಯಾಹ್ನದ ಆರಾಧನೆಯಲ್ಲಿ ಯುವ ಸಭಾಪಾಲಕರೊಬ್ಬರು ಶಿಲುಬೆಯ ಏಳು ಮಾತುಗಳ ಪೈಕಿ ಮೊದಲನೆಯದರ ಮೇಲೆ ಪ್ರಸಂಗ ಮಾಡಿದರು. ತನ್ನನ್ನು ಶಿಲುಬೆಗೇರಿಸಿದವರಿಗಾಗಿ ಕರ್ತನು ಕ್ಷಮೆಯನ್ನು ಬೇಡಿದ ಮಾತು ಅದು. ಪ್ರಸಂಗ ಚೆನ್ನಾಗಿಯೇ ಇತ್ತು. ಆದರೆ ಕೊನೆಯಲ್ಲಿ ಅವರು, "ಯಾರ ಮೇಲಾದರೂ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡವರು ಇಂದೇ ಅದನ್ನು ಬಿಟ್ಟುಬಿಡಿ" ಎಂದಾಗ ನನ್ನ ಕಣ್ಣು ತಾನಾಗಿ ಉತ್ತರದ ಕಿಟಕಿಯ ಬಳಿಯ ಬೆಂಚಿನತ್ತ ಹೊರಳಿತು. ಆ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಹೆಂಗಸು ತೀರಿಕೊಂಡು ಬಹಳ ವರ್ಷಗಳಾದವು. ಅವರ ಕಥೆಯನ್ನು ಆಮೇಲೆ ಹೇಳುತ್ತೇನೆ.

ಸಭಾಪಾಲಕರು ಉದಾಹರಣೆಯಾಗಿ ಎತ್ತಿಕೊಂಡದ್ದು ಗ್ಲಾಡಿಸ್ ಸ್ಟೇನ್ಸ್ ಅವರನ್ನು. ನಮ್ಮ ದೇಶದಲ್ಲಿ ಕ್ಷಮೆಯ ಕುರಿತು ಪ್ರಸಂಗ ಮಾಡುವವರು ಆ ಹೆಸರನ್ನು ಬಿಡುವುದುಂಟೇ? 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಆಕೆಯ ಪತಿ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳು ಮಲಗಿದ್ದ ಜೀಪಿಗೆ ಬೆಂಕಿಯಿಟ್ಟು ಮೂವರನ್ನೂ ಸುಟ್ಟು ಕೊಂದರು. ಆಕೆ ಕೊಂದವರನ್ನು ಕ್ಷಮಿಸಿರುವುದಾಗಿ ಹೇಳಿದರು. ಮುಂದೆಯೂ ಕೆಲವು ವರ್ಷ ಬಾರಿಪದಾದಲ್ಲಿಯೇ ಇದ್ದು ಕುಷ್ಠರೋಗಿಗಳ ಸೇವೆಯನ್ನು ನಡೆಸಿದರು. ಇದಿಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ತಮ್ಮ ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಫಲ ಬೇರೆ ಎಂದು ಆಕೆ ಬಿಡಿಸಿ ಹೇಳಿದ್ದನ್ನು ಪ್ರಸಂಗಪೀಠದಿಂದ ನಾನು ಒಮ್ಮೆಯೂ ಕೇಳಿಲ್ಲ. ಇನ್ನೊಂದು ವಿಷಯವೂ ಇದೆ. ಕ್ಷಮಿಸಬೇಕೆಂದು ಆಕೆಗೆ ಅಪ್ಪಣೆ ಕೊಟ್ಟವರು ಯಾರೂ ಇರಲಿಲ್ಲ. ಆ ಮಾತು ಆಕೆಯೊಳಗಿನಿಂದಲೇ ಬಂತು.

ಈಗ ಕಿಟಕಿಯ ಬಳಿಯ ಹೆಂಗಸಿನ ವಿಷಯ. ಕರಾವಳಿಯ ಆ ಸಣ್ಣ ಸಭೆಯಲ್ಲಿ 1998ರ ಸುಮಾರಿಗೆ ನಾನು ಆಡಳಿತ ಸಮಿತಿಯ ಕಾರ್ಯದರ್ಶಿಯಾಗಿದ್ದೆ. ಆಕೆ ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ವಿಧವೆ. ಕೈಗೆ ಬಂದ ಪಿ.ಎಫ್. ಹಣದಲ್ಲಿ 35 ಸಾವಿರ ರೂಪಾಯಿಗಳನ್ನು ಸಭೆಯ ಹಿರಿಯರೊಬ್ಬರಿಗೆ, ಬರಿಯ ಬಾಯಿಮಾತಿನ ಮೇಲೆ, ಅಂಗಡಿಯ ಖರ್ಚಿಗೆಂದು ಕೊಟ್ಟಿದ್ದರು. ಮೂರು ವರ್ಷ ಕಳೆದರೂ ಹಣ ಹಿಂದಿರುಗಲಿಲ್ಲ. ಆಕೆ ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಈ ವಿಷಯ ಎತ್ತಿದಾಗ ಎಲ್ಲರೂ ತಲೆ ತಗ್ಗಿಸಿದರು. ಹಿರಿಯರ ಮಾನದ ಪ್ರಶ್ನೆ, ಸಭೆಯ ಹೆಸರಿನ ಪ್ರಶ್ನೆ. ಅದೇ ವಾರ ಅಂದಿನ ಸಭಾಪಾಲಕರು, ನಾನು, ಇನ್ನಿಬ್ಬರು ಆಕೆಯ ಮನೆಗೆ ಹೋದೆವು. ಆಕೆ ಬೆಲ್ಲದ ಕಾಫಿ ಕೊಟ್ಟರು. ಸಭಾಪಾಲಕರು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಿಂದ, ಸಹೋದರನನ್ನು ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರನು ಕೇಳುವ ಭಾಗವನ್ನು ಓದಿದರು. "ಕ್ಷಮಿಸಿದ್ದೇನೆಂದು ಒಂದು ಮಾತು ಹೇಳಿಬಿಡಿ ಅಮ್ಮ, ನಿಮಗೂ ಸಮಾಧಾನ" ಎಂದು ನಾನೂ ದನಿಗೂಡಿಸಿದೆ.

ಆಕೆ ನನ್ನ ಮುಖ ನೋಡಿ, "ಮಾಷ್ಟ್ರೇ, ಅವರು ನನ್ನ ಹತ್ರ ಕೇಳಲೇ ಇಲ್ಲವಲ್ಲ? ಕೇಳದವರಿಗೆ ನಾನು ಏನಂತ ಕೊಡುವುದು?" ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಾರ್ಥನೆ ಮಾಡಿ ಎದ್ದು ಬಂದೆವು. ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ "ಉಭಯರಲ್ಲಿ ರಾಜಿಯಾಗಿದೆ" ಎಂದು ಬರೆಯಲಾಯಿತು. ಬರೆದವನು ನಾನೇ. ಆ ಹಿರಿಯರು ಎಂದಿನಂತೆ ಕಾಣಿಕೆಯ ತಟ್ಟೆ ಹಿಡಿದು ಸಾಲುಸಾಲಾಗಿ ಬರುತ್ತಿದ್ದರು. ಆಕೆ ಆರಾಧನೆಗೆ ಬರುವುದನ್ನು ಬಿಡಲಿಲ್ಲ; ಆದರೆ ಕರ್ತನ ಭೋಜನದ ಸಮಯದಲ್ಲಿ ಎಲ್ಲರೂ ಎದ್ದು ಮುಂದೆ ಹೋದಾಗ ಕಿಟಕಿಯ ಬಳಿ ಕುಳಿತೇ ಇರುತ್ತಿದ್ದರು. 2009ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ. "ಮನಸ್ಸು ಕಠಿಣ ಮಾಡಿಕೊಂಡಿದ್ದಾರೆ" ಎಂದು ಜನ ಆಕೆಯ ಬಗ್ಗೆ ಹೇಳುತ್ತಿದ್ದರು. ತಟ್ಟೆ ಹಿಡಿದವರ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ಮೇಷ್ಟ್ರಾಗಿದ್ದವನ ದುರಭ್ಯಾಸವೂ ಇದರಲ್ಲಿ ಸೇರಿತ್ತೆಂದು ಈಗ ಅನಿಸುತ್ತದೆ. ಆಟದ ಬಯಲಿನಲ್ಲಿ ಇಬ್ಬರು ಹುಡುಗರು ಜಗಳವಾಡಿದರೆ ನಾವು ಮಾಡುತ್ತಿದ್ದುದೇನು? ಯಾರು ಮೊದಲು ಹೊಡೆದರು, ಯಾರ ಕಂಪಾಸು ಪೆಟ್ಟಿಗೆ ಹೋಯಿತು ಎಂದು ವಿಚಾರಿಸಲು ವ್ಯವಧಾನವಿಲ್ಲದೆ ಇಬ್ಬರಿಗೂ ಕೈಕುಲುಕಿಸಿ ತರಗತಿಗೆ ಅಟ್ಟುತ್ತಿದ್ದೆವು. ಮುಂದಿನ ಗಂಟೆ ಬಾರಿಸುವ ಹೊತ್ತಾಗಿರುತ್ತಿತ್ತು, ಅಷ್ಟೇ.

ಮತ್ತಾಯನ ಆ ಅಧ್ಯಾಯವನ್ನು ನಾನು ನಿಧಾನವಾಗಿ ಓದಿದ್ದು ನಿವೃತ್ತನಾದ ಮೇಲೆ. ಪೇತ್ರನ ಪ್ರಶ್ನೆ ಬರುವುದು 21ನೆಯ ವಚನದಲ್ಲಿ. ಅದಕ್ಕೂ ಮೊದಲು, 15ನೆಯ ವಚನದಿಂದ, ತಪ್ಪು ಮಾಡಿದ ಸಹೋದರನಿಗೆ ತಪ್ಪನ್ನು ತೋರಿಸಿಕೊಡುವ ಕ್ರಮವಿದೆ. ಮೊದಲು ಏಕಾಂತದಲ್ಲಿ, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ, ಆಗಲೂ ಕೇಳದಿದ್ದರೆ ಸಭೆಯ ಮುಂದೆ. ಆ ವಿಧವೆ ಕೊನೆಯ ಮೆಟ್ಟಿಲಿನವರೆಗೂ ಸರಿಯಾಗಿಯೇ ಏರಿದ್ದರು. ದಾರಿ ತಪ್ಪಿದವರು ನಾವು. ನಾಲ್ವರು ಸಾಕ್ಷಿಗಳು ಹೋಗಬೇಕಾಗಿದ್ದದ್ದು ಇನ್ನೊಂದು ಮನೆಗೆ. ಲೂಕನ ಸುವಾರ್ತೆಯ ಜಕ್ಕಾಯನು ಅನ್ಯಾಯವಾಗಿ ಪಡೆದದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವೆನೆಂದಿದ್ದೂ, ಪೌಲನು ಒನೇಸಿಮನ ಪರವಾಗಿ ಫಿಲೆಮೋನನಿಗೆ ಬರೆಯುವಾಗ ಸಾಲವೇನಾದರೂ ಇದ್ದರೆ ತಾನೇ ತೀರಿಸುವೆನೆಂದು ಸ್ವಂತ ಕೈಯಿಂದ ಬರೆದುಕೊಟ್ಟದ್ದೂ ನಮಗೆ ಅಂದು ನೆನಪಾಗಲಿಲ್ಲ. ನಾವು ನಾಲ್ವರೂ ಕೂಡಿ ಆ 35 ಸಾವಿರವನ್ನು ಹೊಂದಿಸಿ ಕೊಡಬಹುದಿತ್ತು ಎಂಬ ಯೋಚನೆಯೂ ಬರಲಿಲ್ಲ.

ಇದು ಒಂದು ಚಿಕ್ಕ ಸಭೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಸಮಾಜ ವಿಜ್ಞಾನದ ಮೇಷ್ಟ್ರಾಗಿ ವರ್ಣಭೇದ ನೀತಿಯ ಪಾಠ ಮಾಡುವಾಗ ದಕ್ಷಿಣ ಆಫ್ರಿಕಾದ ಚರ್ಚುಗಳ ಚರಿತ್ರೆಯನ್ನು ಅಷ್ಟಿಷ್ಟು ಓದಿದ್ದೆ. ಅಲ್ಲಿನ ಡಚ್ ರಿಫಾರ್ಮ್ಡ್ ಚರ್ಚಿನ ಸಿನೊಡ್ 1857ರಲ್ಲಿ, ಕೆಲವರ ಬಲಹೀನತೆಯ ಕಾರಣ ಕೊಟ್ಟು, ಬಿಳಿಯರಲ್ಲದ ವಿಶ್ವಾಸಿಗಳಿಗೆ ಪ್ರತ್ಯೇಕ ಆರಾಧನೆಗೆ ಅವಕಾಶ ಮಾಡಿಕೊಟ್ಟಿತು. ಒಂದೇ ರೊಟ್ಟಿಯಲ್ಲಿ ಪಾಲು ಹೊಂದಲಾರದವರ ಬಲಹೀನತೆಗೆ ಎಷ್ಟು ಮರ್ಯಾದೆ ನೋಡಿ! 1881ರಲ್ಲಿ ಪ್ರತ್ಯೇಕ ಚರ್ಚೇ ಹುಟ್ಟಿತು. ಮುಂದೆ ವರ್ಣಭೇದ ನೀತಿಗೆ ಬೈಬಲ್ಲಿನ ಆಧಾರ ಒದಗಿಸಿದವರಲ್ಲಿ ಆ ಬಿಳಿಯರ ಚರ್ಚಿನ ಪಂಡಿತರೂ ಇದ್ದರು.

1990ರ ನವೆಂಬರಿನಲ್ಲಿ ರಸ್ಟೆನ್‌ಬರ್ಗ್ ಎಂಬಲ್ಲಿ ಚರ್ಚುಗಳ ಸಮ್ಮೇಳನ ಸೇರಿದಾಗ ಆ ಚರ್ಚಿನ ದೇವತಾಶಾಸ್ತ್ರಜ್ಞ ವಿಲ್ಲಿ ಯೋಂಕರ್ ಎದ್ದುನಿಂತು ತಮ್ಮ ಪಾಪವನ್ನೂ ತಮ್ಮ ಚರ್ಚಿನ ಪಾಪವನ್ನೂ ಎಲ್ಲರ ಮುಂದೆ ಒಪ್ಪಿಕೊಂಡರು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಎದ್ದು, ಕ್ಷಮೆ ಕೇಳಿದ ಮೇಲೆ ಕ್ಷಮಿಸದೆ ಬೇರೆ ದಾರಿಯಿಲ್ಲವೆಂಬರ್ಥದಲ್ಲಿ ಅದನ್ನು ಸ್ವೀಕರಿಸಿದರು. ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಅಲ್ಲಿಯೇ ಇದ್ದ ಕೆಲವು ಕಪ್ಪು ಪ್ರತಿನಿಧಿಗಳು, ನಮ್ಮೆಲ್ಲರ ಪರವಾಗಿ ಕ್ಷಮಿಸಲು ಟುಟು ಅವರಿಗೆ ಅಧಿಕಾರ ಕೊಟ್ಟವರು ಯಾರು ಎಂದು ಪ್ರಶ್ನಿಸಿದರು. ಅವರಿಗೆ ಕ್ಷಮಾಗುಣವಿಲ್ಲವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕಪ್ಪು ಮತ್ತು ಮಿಶ್ರವರ್ಣೀಯ ವಿಶ್ವಾಸಿಗಳ ಎರಡು ಚರ್ಚುಗಳು 1994ರಲ್ಲಿ ಒಂದಾದವು. ಬಿಳಿಯರ ಚರ್ಚು ಆ ಐಕ್ಯದೊಳಗೆ ಬರಲಿಲ್ಲ. ಯೋಂಕರ್ ಅವರ ಒಪ್ಪಿಗೆ ಪ್ರಾಮಾಣಿಕವಾದದ್ದೆಂದೇ ನಾನು ನಂಬುತ್ತೇನೆ. ಆದರೂ ವೇದಿಕೆಯ ಮೇಲಿನ ಆ ಎರಡು ನಿಮಿಷಗಳಿಗೂ ಒಂದೇ ಬೆಂಚಿನಲ್ಲಿ ಜೊತೆಗೆ ಕೂರುವುದಕ್ಕೂ ನಡುವೆ ಬಹಳ ದೂರವಿದೆ.

ಕರ್ತನು ಯಾರೂ ಕೇಳದೆಯೇ ಕ್ಷಮಿಸಿದನಲ್ಲವೇ ಎಂದು ಓದುಗ ಮಿತ್ರರು ಕೇಳಬಹುದು. ಈ ಪ್ರಶ್ನೆ ನನ್ನನ್ನೂ ಬಹುಕಾಲ ಕಾಡಿತ್ತು. ಹೌದು, ಶಿಲುಬೆಯ ಮೇಲಿದ್ದವನು ಹಾಗೆ ಪ್ರಾರ್ಥಿಸಿದನು. ಆದರೆ ಕೆಳಗೆ ನಿಂತಿದ್ದವರಲ್ಲಿ ಯಾರೊಬ್ಬರೂ ಹಾಗೆ ಪ್ರಾರ್ಥಿಸೆಂದು ಆತನಿಗೆ ಬೋಧಿಸಲಿಲ್ಲ. ನೊಂದವರು ತಾವಾಗಿ ಕ್ಷಮಿಸಿದರೆ ಅದರ ಮುಂದೆ ನಾವು ತಲೆಬಾಗಬೇಕು. ಅದನ್ನು ಅವರಿಂದ ವಸೂಲು ಮಾಡಲು ಸಭೆಗೆ ಅಧಿಕಾರವಿಲ್ಲ. ಸಭಾಪಾಲಕರೂ ಹಿರಿಯರೂ ಹೋಗಬೇಕಾದ ಮೊದಲ ಮನೆ ತಪ್ಪು ಮಾಡಿದವನದು. ಅಲ್ಲಿ ಬೆಲ್ಲದ ಕಾಫಿ ಸಿಗದಿದ್ದರೂ ಹೋಗಬೇಕು.

ಈಸ್ಟರ್ ಕಳೆದ ವಾರ ನಾನು ಆಕೆಯ ಮಗಳ ಮನೆಯನ್ನು ಹುಡುಕಿಕೊಂಡು ಹೋದೆ. ಅವಳಿಗೂ ಈಗ ಐವತ್ತು ದಾಟಿದೆ. ಎಂಟನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ನಡಾವಳಿಯಲ್ಲಿ ನಾನು ಬರೆದದ್ದು ಸುಳ್ಳೆಂದು ಹೇಳಿ, ತಪ್ಪಾಯಿತು ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅಮ್ಮ ಇರುವಾಗ ಬರಬೇಕಿತ್ತು ಸರ್" ಎಂದಳು. ಇನ್ನೇನೂ ಹೇಳಲಿಲ್ಲ; ನಾನೂ ಕೇಳಲಿಲ್ಲ. ಆ ಹಳೆಯ ನಮೂದಿನ ಕೆಳಗೆ ತಿದ್ದುಪಡಿ ಬರೆಯಿಸಬೇಕೆಂದು ಕೋರಿ ಸಮಿತಿಗೆ ಪತ್ರ ಕೊಟ್ಟಿದ್ದೇನೆ. ಮುಂದಿನ ತಿಂಗಳ ಸಭೆಯಲ್ಲಿ ಚರ್ಚೆಗೆ ಬರುವುದಂತೆ.