ಬರದ ಸೀಮೆಗೆ ಬರುವ ನೆರೆ
ನಾಯಕನಹಟ್ಟಿಯ ಅಂಗಡಿಯೊಂದರಲ್ಲಿ ಈ ವಾರ ಕಂಡದ್ದು: ಲೆಕ್ಕದ ಕಂಪ್ಯೂಟರ್, ಅದರ ಬ್ಯಾಕಪ್ ತುಂಬಿದ ಪೆನ್‌ಡ್ರೈವ್, ಎರಡೂ ಒಂದೇ ಮೇಜಿನ ಮೇಲೆ. ಬೆಂಕಿಯೋ ನೀರೋ ಬಂದರೆ ಜೋಡಿಯಾಗಿಯೇ ಹೋಗುತ್ತವೆ. ‘ನಮ್ಮದು ಬರದ ಸೀಮೆ, ಇಲ್ಲೆಲ್ಲಿ ನೆರೆ ಸಾರ್’ ಅಂದರು ಮಾಲೀಕರು. 1933ರಲ್ಲಿ ಕೋಡಿ ಬಿದ್ದಿದ್ದ, ಇದೇ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 2022ರಲ್ಲಿ ಮತ್ತೆ ಕೋಡಿ ಹರಿಯಿತಲ್ಲ, 89 ವರ್ಷದ ಮೇಲೆ! ನೆರೆ ಬಂದರೆ ಏನಾದೀತು? ಮೊಳಕಾಲ್ಮೂರಿನ ಸೀರೆ ನೇಯುವ ಗುಂಡಿಮಗ್ಗಗಳನ್ನೇ ನೋಡಿ. ಮನೆಗೆ ನುಗ್ಗಿದ ನೀರು ಮೊದಲು ಇಳಿಯುವುದು ಆ ಗುಂಡಿಗೆ. ಮರದ ಮಗ್ಗವನ್ನು ಒಣಗಿಸಿ ರಿಪೇರಿ ಮಾಡಬಹುದು. ನೇಯ್ಗೆಗೆ ವಿನ್ಯಾಸ ಕೊಡುವ ಜಕಾರ್ಡ್ ಯಂತ್ರದ ತೂತು ಹೊಡೆದ ರಟ್ಟುಗಳು ನೆನೆದು ಉಬ್ಬಿದರೆ ಸೆರಗಿನ ವಿನ್ಯಾಸವೇ ಹೋಯಿತು. ಅದೂ ಡೇಟಾ ತಾನೇ? ವಿಮೆಯವರು ಮಗ್ಗದ ಬೆಲೆ ಕೊಟ್ಟಾರು (ಕೊಟ್ಟರೆ!), ಲಗ್ನದ ಕಾಲದ ಆರ್ಡರ್ ಕೊಡಲಾರರು. ಗಿರಾಕಿ ಅಷ್ಟರಲ್ಲಿ ಸೀರೆ ಹುಡುಕಿ ಧರ್ಮಾವರದ ಬಸ್ ಹತ್ತಿರುತ್ತಾನೆ. ಕೆರೆ ಕಟ್ಟಿಸಿದ ತಿಪ್ಪೇರುದ್ರಸ್ವಾಮಿಗಳನ್ನು ಪೂಜಿಸುವ ಊರು ನಾಯಕನಹಟ್ಟಿ. ಅವರು ಒಂದೇ ಕೆರೆಗೆ ನಿಲ್ಲಿಸಲಿಲ್ಲ. ವ್ಯಾಪಾರಿಗೂ ಲೆಕ್ಕದ ಇನ್ನೊಂದು ಪ್ರತಿ ಚಳ್ಳಕೆರೆಯ ನೆಂಟರ ಮನೆಯಲ್ಲೋ ಕ್ಲೌಡ್‌ನಲ್ಲೋ ಇರಲಿ. ಅದನ್ನು ಬೇರೆ ಕಂಪ್ಯೂಟರಿಗೆ ಹಾಕಿ, ತೆರೆದುಕೊಳ್ಳುತ್ತದೆಯೇ ಎಂದು ಯುಗಾದಿಗೊಮ್ಮೆಯಾದರೂ ನೋಡಬೇಕು. ಬಹಳ ಜನ ಮಾಡದ ಕೆಲಸ ಅದೇ.