ಹ್ಯಾಂಡ್‌ಬ್ರೇಕ್ ಹೋಯ್ತು, ಕಲ್ಲು ಉಳೀತು

ನಮ್ಮ ದೊಡ್ಡಪ್ಪ ದಿಂಬಂ ಘಾಟಿಯ 27 ತಿರುವುಗಳಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವರು. ಏರಿನಲ್ಲಿ ಗಾಡಿ ನಿಂತರೆ ಕ್ಲೀನರ್ ಮೊದಲು ಇಳಿದು ಚಕ್ರಕ್ಕೆ ಕಲ್ಲು ಕೊಡಬೇಕು, ಮಿಕ್ಕ ಮಾತೆಲ್ಲ ಆಮೇಲೆ. ಬದನಗುಪ್ಪೆ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಅಣ್ಣ ಸಾಲ ಮಾಡಿ ಕಾರು ತಂದಾಗ ಅವರು ಹುಡುಕಿದ್ದು ಹ್ಯಾಂಡ್‌ಬ್ರೇಕನ್ನೇ. ಸೀಟಿನ ಪಕ್ಕ ಅದು ಇರಲೇ ಇಲ್ಲ. ಬೆರಳಗಲದ ಒಂದು ಸ್ವಿಚ್ಚು ಇತ್ತು, ಅಷ್ಟೇ.

‘ಕರಂಟು ಹೋದ್ರ ಏನ್ಲಾ ಗತಿ?’ ಅಂದರು. ಮೆಕ್ಯಾನಿಕಲ್ ಬಿಇ ಓದುತ್ತಿರುವ ನನ್ನ ಮುಖವನ್ನು ಎಲ್ಲರೂ ನೋಡಿದರು.

ಉತ್ತರ ಗೊತ್ತಿತ್ತು. ಈ ಬ್ರೇಕಿನಲ್ಲಿ ಹಿಂದಿನ ಚಕ್ರದ ಕ್ಯಾಲಿಪರ್ ಮೇಲೆ ಪುಟ್ಟ ಮೋಟಾರ್ ಇರುತ್ತದೆ. ಅದು ಒಂದು ಸ್ಕ್ರೂ ತಿರುಗಿಸಿ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಲಾರಿಯ ಸ್ಕ್ರೂ ಜಾಕಿಯಂತೆ ಇದೂ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಒಮ್ಮೆ ಹಿಡಿದ ಮೇಲೆ ಬ್ಯಾಟರಿ ಕಿತ್ತರೂ ಹಿಡಿತ ಬಿಡದು. ಹಳೆಯ ಹ್ಯಾಂಡ್‌ಬ್ರೇಕಿನ ಕೇಬಲ್ ಸಡಿಲವಾಗುತ್ತದೆ, ಎಷ್ಟು ಹಲ್ಲು ಎಳೆಯುತ್ತೀರಿ ಎಂಬುದು ನಿಮ್ಮ ತೋಳಿಗೆ ಬಿಟ್ಟದ್ದು. ಓಡುವಾಗ ಕಾಲಿನ ಬ್ರೇಕ್ ಕೈಕೊಟ್ಟರೆ ಈ ಸ್ವಿಚ್ಚನ್ನು ಎಳೆದು ಹಿಡಿದುಕೊಳ್ಳಬೇಕು. ಹೆಚ್ಚಿನ ಕಾರುಗಳಲ್ಲಿ ಆಗ ಗಾಡಿ ಹತೋಟಿ ತಪ್ಪದಂತೆ ನಿಧಾನವಾಗುತ್ತದೆ.

ದೋಷವೇ ಇಲ್ಲ ಅಂತಲ್ಲ. ಪಾರ್ಕಿಂಗ್ ಬ್ರೇಕಿನ ಒಂದು ಸಣ್ಣ ಗೇರ್ ಮುರಿಯಬಹುದು ಎಂದು 2017ರಲ್ಲಿ ಟೆಸ್ಲಾ ಸುಮಾರು 53,000 ಕಾರುಗಳನ್ನು ವಾಪಸ್ ಕರೆದಿತ್ತು. ಮುರಿದರೆ ಹಿಡಿದ ಬ್ರೇಕ್ ಬಿಡುವುದಿಲ್ಲ. ಆದರೂ ನನ್ನ ಓಟು ಹೊಸದಕ್ಕೇ.

ನಮ್ಮ ಕಾರು ಜಾರಿದ್ದಕ್ಕೆ ಕಾರಣ ಗೇರಲ್ಲ. ಬಿಳಿಗಿರಿರಂಗನ ಬೆಟ್ಟದ ಏರಿನಲ್ಲಿ ನಿಲ್ಲಿಸಿ ಅಣ್ಣ ಸ್ವಿಚ್ಚನ್ನು ಒತ್ತಿ ಇಳಿದ. ಅದನ್ನು ಮೇಲಕ್ಕೆ ಎಳೆದರೆ ಬ್ರೇಕ್, ಕೆಳಕ್ಕೆ ಒತ್ತಿದರೆ ಬಿಡುಗಡೆ! ಗೇರಿನಲ್ಲೂ ಬಿಟ್ಟಿರಲಿಲ್ಲ. ಗೆಳೆಯನ ಕಾರಿನಲ್ಲಿ ಎಂಜಿನ್ ಆರಿಸಿದರೆ ತಾನೇ ಬ್ರೇಕ್ ಬೀಳುತ್ತಿತ್ತಂತೆ, ಇದರಲ್ಲಿ ಬೀಳಲಿಲ್ಲ. ಕಾರು ಮೆಲ್ಲಗೆ ಹಿಂದಕ್ಕೆ ಹೊರಟಿತು. ಒಳಗೆ ದೊಡ್ಡಮ್ಮ ಇದ್ದರು. ದೊಡ್ಡಪ್ಪ ಮಾತಿಲ್ಲದೆ ಒಂದು ಕಲ್ಲು ಎತ್ತಿ ಚಕ್ರಕ್ಕೆ ಕೊಟ್ಟರು.

ಹಳೆಯ ಹ್ಯಾಂಡ್‌ಬ್ರೇಕ್ ಎತ್ತಿದೆಯೋ ಇಲ್ಲವೋ ದೂರದಿಂದಲೇ ಕಾಣುತ್ತಿತ್ತು, ‘ಕರ ಕರ’ ಎಂದು ಕೇಳುತ್ತಿತ್ತು. ಈಗ ಡ್ಯಾಶ್‌ಬೋರ್ಡಿನ ಒಂದು ಕೆಂಪು ದೀಪವೇ ಸಾಕ್ಷಿ. ಕಾರು ಕೊಡುವ ದಿನ ಷೋರೂಮಿನವರು ಹಾರ ಹಾಕಿದರು, ಕೇಕ್ ಕತ್ತರಿಸಿದರು, ಫೋಟೊ ತೆಗೆದರು. ಆ ದೀಪ ತೋರಿಸಲು ಎರಡು ನಿಮಿಷ ಇರಲಿಲ್ಲವೇ? ಎಂಜಿನ್ ಆರಿದಾಗ ತಾನೇ ಬ್ರೇಕ್ ಬೀಳುವುದು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ. ಎಲ್ಲ ಕಾರುಗಳಲ್ಲೂ ಅದು ಕಡ್ಡಾಯವಾಗಲಿ.

ಇನ್ನೊಂದು ಮಾತು, ಐಟಿಐ, ಡಿಪ್ಲೊಮಾ ಗೆಳೆಯರಿಗೆ. ಇಂಥ ಕಾರಿನ ಹಿಂದಿನ ಪ್ಯಾಡ್ ಬದಲಿಸಲು ಸಾಮಾನ್ಯವಾಗಿ ಸ್ಕ್ಯಾನರ್‌ನಿಂದ ಮೋಟಾರನ್ನು ಮೊದಲು ಹಿಂದಕ್ಕೆ ಸರಿಸಬೇಕು. ಬಲವಂತವಾಗಿ ಒತ್ತಿದರೆ ಕೆಡುತ್ತದೆ. ಅದನ್ನು ಬಲ್ಲವರಿಗೆ ಕೆಲಸವಿದೆ.

ಈಗ ಅಣ್ಣ ಕಾರು ನಿಲ್ಲಿಸಿದರೆ ದೊಡ್ಡಪ್ಪ ಬಗ್ಗಿ ಕೆಂಪು ದೀಪ ನೋಡುತ್ತಾರೆ. ನೋಡಿದ ಮೇಲೂ ಕಲ್ಲು ಹುಡುಕುತ್ತಾರೆ. ಹೊರಡುವಾಗ ಅದನ್ನು ರಸ್ತೆಯಿಂದಾಚೆ ಎಸೆಯುವ ಕೆಲಸ ಮಾತ್ರ ನನ್ನದು.