ದೀಪ ಕಿತ್ತರೆ ದೋಷ ಹೋದೀತೆ?

ಹಳೆಯ ಪಿಕಪ್ ಲಾರಿಗೆ ಬೇರೆ ಎಂಜಿನ್ ಕೂರಿಸಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದರೆ, ಬಲ್ಬನ್ನೇ ಕಿತ್ತುಬಿಡುವವರಿದ್ದಾರೆ. ಇದು ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ.

ಎಂಜಿನ್ ಬದಲಾದರೂ ಗಾಡಿಯ ಇಸಿಯು ಹಿಂದಿನ ಸೆನ್ಸರುಗಳ ಸಂಕೇತವನ್ನೇ ನಿರೀಕ್ಷಿಸುತ್ತದೆ; ಅದು ಬಾರದಿದ್ದಾಗ ಕೋಡೊಂದನ್ನು ದಾಖಲಿಸಿ ದೀಪ ಹಚ್ಚುತ್ತದೆ. ಪಿ0335 ಎಂದರೆ ಕ್ರ್ಯಾಂಕ್‌ಶಾಫ್ಟ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷವಿದೆಯೆಂದು, ಸೆನ್ಸರೇ ಕೆಟ್ಟಿತೆಂದಲ್ಲ. ವೈರು ತುಂಡಾಗಿರಬಹುದು, ಕನೆಕ್ಟರ್ ಸಡಿಲವಾಗಿರಬಹುದು. ಕೋಡ್ ಅಳಿಸಿದ ಮಾತ್ರಕ್ಕೆ ಕಾರಣ ಅಳಿಯದು.

ಬಲ್ಬ್ ಕಿತ್ತ ಗಾಡಿಯಲ್ಲಿ ನಾಳೆ ಹುಟ್ಟುವ ಹೊಸ ದೋಷವೂ ಕಾಣುವುದಿಲ್ಲ. ಬೆಟ್ಟದಪುರದಿಂದ ಹೊಗೆಸೊಪ್ಪಿನ ಬೇಲು ಹೇರಿಕೊಂಡು ಕಂಪಲಾಪುರದ ಹರಾಜು ಮಾರುಕಟ್ಟೆಗೆ ಹೊರಟ ಗಾಡಿ ನಡುದಾರಿಯಲ್ಲಿ ನಿಂತರೆ, ನಷ್ಟ ರೈತನಿಗೂ ಡ್ರೈವರನಿಗೂ. ಗಾಡಿ ನಡೆಸುವ ನನ್ನ ಶಿಷ್ಯರೇ, ಮೊದಲು ಸ್ಕ್ಯಾನರಿನಿಂದ ಕೋಡ್ ಓದಿಸಿ. ಮೆಕ್ಯಾನಿಕ್ ಆಮೇಲೆ ಸ್ಪ್ಯಾನರ್ ಹಿಡಿಯಲಿ.